ಮೋಲೇ ಮಾಡಿದ ದಿನ

ಮೆಕ್ಸಿಕೋದಲ್ಲಿ ಕೋಳಿ ಮೇಲೆ ಚಾಕೊಲೇಟ್ ಸುರೀತಾರಂತೆ ಅಂದರೆ ನಮ್ಮವರೆಲ್ಲ ಮೂಗು ಮುರಿಯುತ್ತಾರೆ. ಮೆಣಸಿನಕಾಯಿ, ಮಸಾಲೆ ಅರೆದು ಕೊನೆಗೆ ಚಾಕೊಲೇಟ್ ಸೇರಿಸುವ ಆ ಗಟ್ಟಿ ಗೊಜ್ಜೇ ಮೋಲೇ. ಅಲ್ಲಿನ ಪುಯೆಬ್ಲಾ ಊರಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಜ್ಜಿ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಅದನ್ನು ಮಾಡುವಾಗ ನನ್ನನ್ನೂ ಕರೆದರು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದೆ. ಚಾಕೊಲೇಟಿನ ಮುಖ ಕಂಡಿದ್ದು ಎಲ್ಲ ಮುಗಿಯುವ ಹೊತ್ತಿಗೆ.

ಮೊದಲು ಒಣಮೆಣಸಿನಕಾಯಿ. ಮುಲಾತೊ, ಆಂಚೊ, ಪಸೀಯಾ ಅಂತ ಮೂರು ಬಗೆ. ಕಪ್ಪಗೆ, ಸುಕ್ಕು ಸುಕ್ಕಾಗಿ, ಮುಟ್ಟಿದರೆ ಮೆತ್ತಗೆ. ನಮ್ಮ ಬ್ಯಾಡಗಿ ಥರ ಬಣ್ಣ ಜಾಸ್ತಿ, ಖಾರ ಕಡಿಮೆ. ತೊಟ್ಟು, ಬೀಜ ತೆಗೆದು ಬಿಸಿ ಹಂದಿ ಕೊಬ್ಬಿಗೆ ಹಾಕಿದ ಕೂಡಲೇ ಉಬ್ಬುತ್ತವೆ. ಆಗಲೇ ಎತ್ತಬೇಕು, ಸ್ವಲ್ಪ ತಡವಾದರೂ ಕಹಿ. ಅಜ್ಜಿ ಈ ಕೆಲಸ ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಆಮೇಲೆ ಬಾದಾಮಿ, ಕಡಲೆಕಾಯಿ ಬೀಜ, ಒಣದ್ರಾಕ್ಷಿ, ಬಾಳೆಹಣ್ಣು, ಹಳೇ ಟೋರ್ಟಿಯಾ (ಮೆಕ್ಕೆಜೋಳದ ರೊಟ್ಟಿ) ಚೂರು, ಒಂದೊಂದನ್ನೇ ಬೇರೆ ಬೇರೆ ಹುರಿದೆವು. ಎಳ್ಳು, ಕೊತ್ತಂಬರಿ ಬೀಜ, ಲವಂಗ, ಚಕ್ಕೆ, ಕಾಳುಮೆಣಸು ಒಣ ಬಾಣಲೆಯಲ್ಲಿ. ಸಾಂತಾ ರೋಸಾ ಕಾನ್ವೆಂಟಿನ ಸನ್ಯಾಸಿನಿಯರು ಮೋಲೇ ಕಂಡುಹಿಡಿದರು ಅಂತ ಊರಲ್ಲೊಂದು ಕಥೆ ಇದೆ. ಬಣ್ಣದ ಟೈಲ್ಸ್ ಹಾಕಿದ ಆ ಅಡುಗೆಮನೆ ಈಗಲೂ ಇದೆ. ಆದರೆ 1565ರಿಂದ 1815ರವರೆಗೆ ಸ್ಪೇನ್‌ನವರ ಹಡಗುಗಳು ಫಿಲಿಪೈನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೊ ಬಂದರಿಗೆ ಏಷ್ಯಾದ ಮಸಾಲೆ ಹೊತ್ತು ಹೋಗುತ್ತಿದ್ದವಲ್ಲ, ನನಗೆ ಕಥೆಗಿಂತ ಆ ಹಡಗಿನ ಮೇಲೆ ನಂಬಿಕೆ ಜಾಸ್ತಿ. ನಮಗೆ ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ಬಂದಿದ್ದೂ ಅಮೆರಿಕ ಖಂಡದಿಂದಲೇ ಅಲ್ವಾ!

ಹುರಿದದ್ದನ್ನೆಲ್ಲ ಬಕೆಟ್ಟಿಗೆ ತುಂಬಿಕೊಂಡು ಪಕ್ಕದ ಬೀದಿಯ ಮಿಲ್ಲಿಗೆ ಹೋದೆವು. ಹೌದು, ಅಲ್ಲೂ ಮಸಾಲೆ ಅರೆಯುವ ಮಿಲ್ ಇದೆ. ಅಲ್ಲೂ ಕ್ಯೂ, ಅಲ್ಲೂ ಕೆಮ್ಮು.

ಅರೆದು ತಂದ ಮಸಾಲೆಯನ್ನು ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಕೊಬ್ಬಿಗೆ ಹಾಕಿದರೆ ಒಲೆ, ಗೋಡೆ, ನನ್ನ ತೋಳು ಎಲ್ಲಕ್ಕೂ ಸಿಡಿಯಿತು. ಕೋಳಿ ಬೇಯಿಸಿದ ನೀರನ್ನು ಸೌಟು ಸೌಟಾಗಿ ಬಿಡುತ್ತಾ ತಿರುವುತ್ತಲೇ ಇರಬೇಕು, ಜಿಡ್ಡು ಮೇಲೆ ಬಿಡುವ ತನಕ. ಕೈ ಸೋತುಹೋಯಿತು. ಕೊನೆಗೆ ಬಂತು ಚಾಕೊಲೇಟ್. ಸಕ್ಕರೆ, ಚಕ್ಕೆ ಸೇರಿದ ಒರಟು ಬಿಲ್ಲೆ. ಅಷ್ಟು ದೊಡ್ಡ ಪಾತ್ರೆಗೆ ಅದೊಂದೇ. ಸಿಹಿ ಅಂತ ಗೊತ್ತೇ ಆಗಲ್ಲ, ಮೆಣಸಿನಕಾಯಿಯ ಒಗರು ತಗ್ಗುತ್ತದೆ ಅಷ್ಟೇ.

ದೊಡ್ಡ ಹಬ್ಬಕ್ಕಾದರೆ ಟರ್ಕಿ ಕೋಳಿಯೇ ಆಗಬೇಕಂತೆ, ಅವತ್ತು ಮಾಮೂಲಿ ಕೋಳಿ. ಬೆಂದ ತುಂಡುಗಳ ಮೇಲೆ ಮೋಲೇ ಸುರಿದು, ಎಳ್ಳು ಉದುರಿಸಿ, ಟೊಮೆಟೊ ಅನ್ನದ ಜೊತೆ ಬಡಿಸಿದರು. ಕೋಳಿ ಸುಮ್ನೆ ನೆಪಕ್ಕೆ. ನಾನಂತೂ ಟೋರ್ಟಿಯಾದಲ್ಲಿ ತಟ್ಟೆ ಬಳಿದು ತಿಂದೆ. ನಮ್ಮ ಯಜಮಾನರು ಮಾತ್ರ ಎರಡನೇ ಸಲ ಬಡಿಸಿಕೊಂಡ ಮೇಲೂ "ಚಾಕೊಲೇಟ್ ಎಲ್ಲಿ?" ಅಂತ ಕೇಳುತ್ತಿದ್ದರು.

ಮಿಕ್ಕಿದ್ದನ್ನು ಅಜ್ಜಿ ಡಬ್ಬಿಗೆ ತುಂಬಿ ಕೊಟ್ಟರು. ಮಾರನೇ ದಿನ ಅದನ್ನು ದೋಸೆಗೆ ನಂಜಿಕೊಂಡು ಖಾಲಿ ಮಾಡಿದೆವು. ಅಜ್ಜಿಗೆ ಹೇಳಿಲ್ಲ.