ಜಂತೆಗೂ ಪ್ಲೈವುಡ್‌ಗೂ ನಡುವಿನ ಸಂದು

16 ನವೆಂಬರ್ 2025, ಭಾನುವಾರ

ಮಹಡಿಯ ಕೋಣೆಯ ಹಳೆಯ ನೆಲಹಲಗೆಗಳನ್ನು ಕಿತ್ತು, ಜಂತೆಗಳಲ್ಲಿ ಉಳಿದಿದ್ದ ಮುರುಕು ಮೊಳೆಗಳನ್ನು ನಿನ್ನೆಯೇ ತೆಗೆದಾಗಿತ್ತು. ಇಂದು 18 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆಗಳ ಉದ್ದವು ಜಂತೆಗಳಿಗೆ ಅಡ್ಡಲಾಗಿ ಬರುವಂತೆಯೂ, ಒಂದು ಸಾಲಿನ ಕೂಡು ಪಕ್ಕದ ಸಾಲಿನ ಕೂಡಿಗೆ ಎದುರಾಗದಂತೆಯೂ ಇಟ್ಟಿಗೆ ಗೋಡೆಯ ಕ್ರಮದಲ್ಲಿ ಹಾಸತೊಡಗಿದೆ. ತುದಿಗಳ ನಡುವೆ 3 ಮಿ.ಮೀ. ತೆರವು ಬಿಡಲು ಒಂದು ಮೊಳೆಯನ್ನೇ ಅಳತೆಯಾಗಿ ಇಟ್ಟುಕೊಂಡೆ. ತೇವಕ್ಕೆ ಪ್ಲೈವುಡ್ ಹಿಗ್ಗಿದಾಗ ಜಾಗ ಸಿಗದಿದ್ದರೆ ಅಂಚುಗಳು ಉಬ್ಬಿ ಮೇಲೇಳುತ್ತವೆ.

ಮೂರು ಹಾಳೆಗಳು ಸಲೀಸಾಗಿ ಕೂತವು. ನಾಲ್ಕನೆಯದರ ಮೇಲೆ ಕಾಲಿಟ್ಟರೆ, ಯಾವ ಸದ್ದಿಗೆ ಬೇಸತ್ತು ಈ ಕೆಲಸಕ್ಕೆ ಕೈಹಾಕಿದ್ದೆನೋ ಅದೇ ಕಿರ್ ಎನ್ನುವ ಸದ್ದು! ಇನ್ನೆರಡು ಸ್ಕ್ರೂ ಬಿಗಿದರೂ ಹೋಗಲಿಲ್ಲ. ಕೆಳಗಿನ ಕೋಣೆಯ ಚಾವಣಿ ತೆರೆದೇ ಇದ್ದುದರಿಂದ ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದಾಗ, ಜಂತೆಗೂ ಪ್ಲೈವುಡ್‌ಗೂ ನಡುವೆ ದಪ್ಪ ರಟ್ಟು ತೂರುವಷ್ಟು ಸಂದು ಇತ್ತು. ಅದರೊಳಗೆ ಸ್ಕ್ರೂವಿನ ಸುತ್ತುಗಳು ಹೊಳೆಯುತ್ತಿದ್ದವು. ಒಂದು ಸ್ಕ್ರೂ ಜಂತೆಯನ್ನೇ ತಪ್ಪಿಸಿ ಪಕ್ಕದಲ್ಲಿ ಇಳಿದು, ಪ್ರತಿ ಹೆಜ್ಜೆಗೂ ಮರವನ್ನು ಉಜ್ಜುತ್ತಿತ್ತು.

ತಪ್ಪು ನನ್ನದೇ. ತಲೆಯವರೆಗೂ ಸುತ್ತುಗಳಿರುವ ಸ್ಕ್ರೂ ಪ್ಲೈವುಡ್ಡನ್ನೂ ಜಂತೆಯನ್ನೂ ಒಟ್ಟಿಗೆ ಕಚ್ಚಿಕೊಳ್ಳುವುದರಿಂದ ಅದು ಸಂದನ್ನು ಮುಚ್ಚುವುದಿಲ್ಲ, ಇದ್ದಷ್ಟನ್ನೂ ಹಾಗೆಯೇ ಹಿಡಿದಿಡುತ್ತದೆ. ಸಾಲದ್ದಕ್ಕೆ ಜಂತೆಯ ಮೇಲೆ ಹಚ್ಚಿದ ಅಂಟು ನಾನು ಊಟ ಮುಗಿಸಿ ಬರುವಷ್ಟರಲ್ಲಿ ಕೆನೆಗಟ್ಟಿತ್ತು. ಹಾಳೆಯನ್ನು ಬಿಚ್ಚಿ, ಆ ಅಂಟನ್ನು ಉಳಿಯಿಂದ ಕೆರೆದು, ಹೊಸದಾಗಿ ಹಚ್ಚಿದೆ. ಜಂತೆಗಳ ನಡುಗೆರೆಯನ್ನು ಬಣ್ಣದ ದಾರ ಮಿಡಿದು ಹಾಳೆಯ ಮೇಲೆ ಗುರುತಿಸಿದೆ. ಬಳಿಕ ತಲೆಯ ಕೆಳಗೆ ನುಣುಪಾದ ಕಾಂಡವಿರುವ 50 ಮಿ.ಮೀ. ಸ್ಕ್ರೂಗಳನ್ನು, ಪ್ರತಿಯೊಂದರ ಪಕ್ಕದಲ್ಲೂ ಮೊಣಕಾಲೂರಿ ಭಾರ ಹಾಕಿ, ಅಂಚಿನಲ್ಲಿ 150 ಮತ್ತು ಒಳಗೆ 300 ಮಿ.ಮೀ.ಗೆ ಒಂದರಂತೆ ಇಳಿಸಿದೆ. ಕೊನೆಯ ಅರ್ಧ ಸುತ್ತಿನಲ್ಲಿ ಹಾಳೆ ಕೆಳಗೆ ಸರಿದು, ಅಂಟು ಜಂತೆಯ ಬದಿಗೆ ಹಿಂಡಿಕೊಂಡು ಬಂತು.

ಜಿಪ್ಸಂ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಇಲ್ಲಿಗೆ ಆಗದು. ಪೆಡಸಾದ ಅದರ ತಲೆ ನೆಲದ ಅಲುಗಾಟಕ್ಕೆ ತುಂಡಾಗುತ್ತದೆ. ಮೊದಲ ಮೂರು ಹಾಳೆಗಳಲ್ಲಿ ಸದ್ದಿಲ್ಲ ನಿಜ, ಆದರೆ ಅಲ್ಲಿರುವುದೂ ತಲೆಯವರೆಗೆ ಸುತ್ತುಗಳಿರುವ ಸ್ಕ್ರೂಗಳೇ. ನಾಳೆ ಬೆಳಕಿನಲ್ಲಿ ಅವುಗಳ ಕೆಳಗೂ ಏಣಿ ಇಡಬೇಕು.