ಪ್ಲಗಿನ್ ಇಲ್ಲದ ಪ್ರಾಜೆಕ್ಟು, ಪಕ್ಕದಲ್ಲೇ ಕೂತ ಪಾರ್ಟಿ

ನಮ್ಮ ಸ್ಟುಡಿಯೋ ಕಂಪ್ಯೂಟರಿನಲ್ಲಿ ಪ್ಲಗಿನ್‌ಗಳಿಗೇನೂ ಬರವಿಲ್ಲ, ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿ ದನಿ ತಿದ್ದುವ ಸಣ್ಣ ಪ್ರೋಗ್ರಾಮುಗಳವು. ಓನರ್ರು ಯಾರದೋ ಪೆನ್‌ಡ್ರೈವಿನಿಂದ ತಂದು ಸುರಿದಿದ್ದಾರೆ. ದನಿಯ ಏರಿಳಿತ ಹಿಡಿಯುವ ಕಂಪ್ರೆಸರ್‌ಗಳ ಪಟ್ಟಿಯೇ ಸ್ಕ್ರೀನಿನ ಕೆಳಗಿನವರೆಗೂ ಇಳಿಯುತ್ತದೆ. ದುಡ್ಡು ಕೊಟ್ಟು ತಂದದ್ದು ಅದರಲ್ಲಿ ಒಂದೂ ಇಲ್ಲ, ಎಲ್ಲ ಕ್ರ್ಯಾಕು. ಹಾಗಾಗಿ ಆಂಟಿವೈರಸ್ ಆನ್ ಮಾಡಬಾರದು, ವಿಂಡೋಸ್ ಅಪ್‌ಡೇಟ್ ಮಾಡಬಾರದು, ನೆಟ್ ಕೇಬಲ್ ಚುಚ್ಚಬಾರದು ಅಂತ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದಾರೆ. ಹಾಡು ಮಾಡಿಸಲು ಬಂದ ಪಾರ್ಟಿಗಳಿಗೆಲ್ಲ "ಲಕ್ಷಗಟ್ಟಲೆ ಸಾಫ್ಟ್‌ವೇರು ಸಾರ್ ನಮ್ಮಲ್ಲಿ" ಅನ್ನುತ್ತಾರೆ. ಯುಪಿಎಸ್ ಬ್ಯಾಟರಿ ಬದಲಾಯಿಸಿ ಅಂದರೆ ಮಾತ್ರ "ಮುಂದಿನ ತಿಂಗಳು ನೋಡನ."

ಹಾಸನಾಂಬೆಯ ಬಾಗಿಲು ತೆಗೆಯುವುದು ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ. ಬಲಿಪಾಡ್ಯಮಿ ಮುಗಿಸಿ ಮುಚ್ಚಿದರೆ ಮತ್ತೆ ಬರುವ ವರ್ಷವೇ. ನಮ್ಮಂಥ ಸಣ್ಣ ಸ್ಟುಡಿಯೋಗಳಿಗೆ ಅದರ ಹಿಂದಿನ ವಾರವೇ ಸೀಸನ್ನು. ದೇವಿಯ ಹಾಡು ಬುಧವಾರ ರಾತ್ರಿಯೊಳಗೆ ಯೂಟ್ಯೂಬಿಗೆ ಏರಲೇಬೇಕು, ಇಲ್ಲದಿದ್ದರೆ ಪಾರ್ಟಿ ಬಾಕಿ ದುಡ್ಡು ಕೊಡುವುದಿಲ್ಲ.

ಕಳೆದ ಸೀಸನ್ನಿನ ಬುಧವಾರ ಸಂಜೆ ಆಲೂರು ಕಡೆಯ ಗೌಡರೊಬ್ಬರ ಹಾಡು ಮಿಕ್ಸಿಂಗಿನಲ್ಲಿತ್ತು. ಹಾಡಿದ್ದು ಅವರ ಮಗಳು, ಡಿಗ್ರಿ ಓದುವ ಹುಡುಗಿ. ಟ್ರ್ಯಾಕು, ವಾಯ್ಸು ಎಲ್ಲ ಮುಗಿದು ಫೈನಲ್ ಬೌನ್ಸ್ (ಎಲ್ಲ ಸೇರಿಸಿ ಒಂದು ಫೈಲ್ ತೆಗೆಯುವುದು) ಒಂದೇ ಉಳಿದಿತ್ತು. ಜೋರು ಮಳೆ ಹಿಡಿಯಿತು, ಕರೆಂಟು ಹೋಯಿತು, ಯುಪಿಎಸ್ ಕೀ ಕೀ ಅಂದು ಮಲಗಿತು. ಪುಣ್ಯಕ್ಕೆ ಮಧ್ಯಾಹ್ನದ ಬ್ಯಾಕಪ್ ಹಾರ್ಡ್‌ಡಿಸ್ಕಿನಲ್ಲಿತ್ತು. ಓನರ್ರು ಫೋನಿನಲ್ಲೇ ತೀರ್ಮಾನ ಕೊಟ್ಟರು: "ನಿಮ್ಮನೇಲಿ ಲ್ಯಾಪ್‌ಟಾಪ್ ಐತಲ್ಲ, ತಗೊಂಡೋಗಿ ಅಲ್ಲೇ ಮುಗ್ಸಿ. ಪಾರ್ಟಿನೂ ಕರ್ಕೊಂಡೋಗಿ, ಬೇಜಾರು ಮಾಡ್ಕಂಡಾರು."

ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ. ಮಾಡಿಯ ಮೇಲೆ ಶೀಟು ಹೊದಿಸಿದ ರೂಮು, ಇನ್ವರ್ಟರ್ ಲೈನ್ ಇದೆ. ಗೌಡರು, ಮಗಳು, ಜೊತೆಗೆ ಅವರ ಕಡೆಯ ಇನ್ನೊಬ್ಬರು ಬಂದು ಮಂಚದ ಮೇಲೆ ಕೂತರು. ಕೆಳಗಿನಿಂದ ಕಾಫಿ ಬಂತು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಹಾಡಿನ ಪ್ರಾಜೆಕ್ಟ್ ತೆರೆದೆ. ತೆರೆಯುತ್ತಿದ್ದ ಹಾಗೆ ಒಂದು ಬಾಕ್ಸು ಎದ್ದಿತು: ಈ ಎಫೆಕ್ಟುಗಳು ಪ್ರಾಜೆಕ್ಟಿನಲ್ಲಿವೆ, ಈ ಕಂಪ್ಯೂಟರಿನಲ್ಲಿ ಇಲ್ಲ. ಸ್ಕ್ರೋಲ್ ಮಾಡಿದೆ, ಮುಗಿಯಲೊಲ್ಲದು. ಸ್ವರ ಸರಿಮಾಡುವ ಟ್ಯೂನಿಂಗ್ ಇಲ್ಲ, ಶಕಾರದ ಸಿಳ್ಳೆ ತಗ್ಗಿಸುವ ಡಿ-ಎಸ್ಸರ್ ಇಲ್ಲ, ಎಕೋ ಕೊಡುವ ರಿವರ್ಬ್ ಇಲ್ಲ, ಕೊನೆಯ ಮಾಸ್ಟರ್ ಟ್ರ್ಯಾಕಿನ ಮೇಲೆ ಜೋರಿಗೆ ಮಿತಿ ಹಾಕುವ ಲಿಮಿಟರ್ ಇಲ್ಲ. ಪೆನ್‌ಡ್ರೈವಿನ ಮಾಲು ಪೆನ್‌ಡ್ರೈವಿನ ಕಂಪ್ಯೂಟರಿನಲ್ಲೇ ಉಳಿದಿತ್ತು. ನನ್ನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಳ್ಳುವುದಿಲ್ಲ ಅಂತ ಮೊದಲೇ ಹಟ ಹಿಡಿದಿದ್ದವನು ನಾನೇ. ಹಟ ಸರಿಯೇ ಇತ್ತು. ಆದರೆ ಎಫೆಕ್ಟ್ ಸಮೇತ ವಾಯ್ಸನ್ನು ಒಂದು ವೇವ್ ಫೈಲಾಗಿ ಪ್ರಿಂಟ್ ಮಾಡಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಓಕೆ ಒತ್ತಿ, ಅಭ್ಯಾಸಬಲದಿಂದ ಸ್ಪೇಸ್‌ಬಾರ್ ಕುಟ್ಟಿದೆ. ಸ್ಪೀಕರ್ ಆನ್ ಇತ್ತು.

ಪಲ್ಲವಿ ಬಂತು. ಟ್ಯೂನಿಂಗ್ ಇಲ್ಲದ, ಎಕೋ ಇಲ್ಲದ, ಬರಿಗೊರಳಿನ ಪಲ್ಲವಿ. ಸ್ಟುಡಿಯೋದಲ್ಲಿ ಆ ಹುಡುಗಿಗೆ ಪ್ರತಿ ಸಲವೂ ಟ್ಯೂನ್ ಆದದ್ದನ್ನೇ ಕೇಳಿಸಿದ್ದೆವು, ಹಾಡುವಾಗ ಹೆಡ್‌ಫೋನಿಗೂ ಧಾರಾಳ ಎಕೋ ಬಿಟ್ಟಿದ್ದೆವು. ಈಗ ಮೇಲಿನ ಷಡ್ಜ ಕೂದಲೆಳೆಯಷ್ಟು ಕೆಳಗೆ ನಿಂತದ್ದು, "ಶರಣು" ಅನ್ನುವಲ್ಲಿ ಶಕಾರ ಸಿಳ್ಳೆ ಹಾಕಿದ್ದು, ಚರಣದ ಮಧ್ಯೆ ಉಸಿರೆಳೆದದ್ದು ಎಲ್ಲವೂ ಆ ಸಣ್ಣ ರೂಮಿನಲ್ಲಿ ಬಿಚ್ಚಿಕೊಂಡಿತು. ಗೌಡರು ಕಾಫಿ ಲೋಟ ಕೆಳಗಿಟ್ಟು "ಇದ್ಯಾರ ವಾಯ್ಸಣ್ಣ? ಬೇರೇರದು ಹಾಕ್ಬುಟ್ರಾ?" ಅಂದರು. ಮಗಳು ನೆಲ ನೋಡುತ್ತಿದ್ದಳು. ನಿಲ್ಲಿಸಿದೆ. "ಸಾರ್, ಇದು ರಾ ಫೈಲು, ಇನ್ನೂ ಪ್ರೋಸೆಸ್ ಆಗಿಲ್ಲ" ಅಂದೆ. "ನಮ್ಮುಡ್ಗಿ ಹಿಂಗಾ ಆಡಿರದು?" ಅಂತ ಇನ್ನೊಬ್ಬರ ಕಡೆ ತಿರುಗಿದರು. ಅವರು ಏನೂ ಹೇಳದೆ ಕಾಫಿ ಕುಡಿದರು.

ನನಗೆ ಹೊಳೆದದ್ದು ಒಂದೇ, ಬೇಗ ಮುಚ್ಚಿಬಿಡಬೇಕು. ರೀಪರ್ ಜೊತೆಗೇ ಬರುವ, ಸ್ವರ ತಿದ್ದುವ ರೀಟ್ಯೂನ್ ಹಾಕಿದೆ. ಹಾಡು ಮೋಹನ ರಾಗದ ಎಳೆಯಲ್ಲಿದೆಯಲ್ಲ ಅಂತ ಸ, ರಿ, ಗ, ಪ, ದ ಐದು ಸ್ವರ ಮಾತ್ರ ಬಿಟ್ಟು ಮಿಕ್ಕವನ್ನು ಆಫ್ ಮಾಡಿದೆ, ಅಟ್ಯಾಕ್ (ಸ್ವರ ತಿದ್ದಲು ಅದು ತೆಗೆದುಕೊಳ್ಳುವ ಹೊತ್ತು) ಸೊನ್ನೆಯ ಹತ್ತಿರಕ್ಕೆ ಎಳೆದೆ. ಉದ್ದ ಸ್ವರಗಳು ನೆಟ್ಟಗಾದವು. ಗಾಂಧಾರದಿಂದ ಪಂಚಮಕ್ಕೆ ಜಾರುವ ಕಡೆ ಮಾತ್ರ ಜಾರುವುದು ಹೋಗಿ ದನಿ ತಟಕ್ಕನೆ ಹಾರತೊಡಗಿತು. ನಮ್ಮ ಕಡೆಯ ಹಾಡಿಗೆ ಆಟೋಟ್ಯೂನ್ ಹಾಕುವಾಗ ಇದು ಯಾವಾಗಲೂ ಇರುವ ತೊಂದರೆ. ದುಡ್ಡಿನದ್ದಾಗಲಿ ಪುಕ್ಕಟೆಯದ್ದಾಗಲಿ, ವೇಗ ಜಾಸ್ತಿ ಇಟ್ಟರೆ ಗಮಕ ಸಾಯುತ್ತದೆ, ನಿಧಾನ ಇಟ್ಟರೆ ತಪ್ಪು ಹಾಗೇ ಉಳಿಯುತ್ತದೆ. ಪುಕ್ಕಟೆ ಸಿಗುವ ಎಂಆಟೋಪಿಚ್ ಕೂಡ ಇಟ್ಟುಕೊಂಡಿದ್ದೇನೆ, ಕೋರಸ್ಸಿಗೆ ಚೆನ್ನಾಗಿದೆ, ಲೀಡ್ ವಾಯ್ಸಿಗೆ ಅದರದ್ದೂ ಇದೇ ಕತೆ.

ಹುಡುಗಿಯೇ ಬಾಯಿ ಬಿಟ್ಟಳು. "ಅಣ್ಣಾ, ಅದೆಲ್ಲ ಬೇಡ. ಆ ಎರಡು ಸಾಲು ಇನ್ನೊಂದ್ಸಲ ಹಾಡ್ಬಿಡ್ತೀನಿ."

ಮೈಕು ಸ್ಟ್ಯಾಂಡಿಗೆ ಏರಿಸಿ ಮಂಚದ ಹಾಸಿಗೆಯನ್ನು ಗೋಡೆಗೆ ಒರಗಿಸಿದ್ದಾಯಿತು. ಗೌಡರನ್ನು ಕೆಳಗೆ ಕಳಿಸಿದ್ದಾಯಿತು. ಜೋರು ಮಳೆ ನಿಂತು ಜಿಟಿಜಿಟಿ ಉಳಿದಿತ್ತು, ಶೀಟಿನ ಮೇಲೆ ಒಂದೇ ಸಮನೆ ಸದ್ದು. ಒಂದೇ ಸಮನೆ ಇರುವ ಸದ್ದನ್ನು ಕಳೆಯಲು ರೀಪರ್ ಜೊತೆಗೇ ಬರುವ ರೀಫರ್ ಪ್ಲಗಿನ್ ಸಾಕು. ಸಬ್‌ಟ್ರ್ಯಾಕ್ಟ್ ಮೋಡಿಗೆ ಹಾಕಿ, ಯಾರೂ ಹಾಡದೆ ಇರುವಾಗ ಆ ಸದ್ದನ್ನು ಮಾತ್ರ ಕೇಳಿಸಿ, ನಾಯ್ಸ್ ಪ್ರೊಫೈಲ್ ಕಟ್ಟುವ ಟಿಕ್ ತೆಗೆಯಬೇಕು. ಟಿಕ್ ಹಾಗೇ ಬಿಟ್ಟರೆ ಹಾಡನ್ನೂ ನಾಯ್ಸ್ ಅಂತಲೇ ತಿಳಿದು ತಿಂದುಹಾಕುತ್ತದೆ. ಅದನ್ನೆಲ್ಲ ಸರಿಯಾಗಿ ಮಾಡಿ ರೆಕಾರ್ಡ್ ಒತ್ತಿದೆ. ಹುಡುಗಿ ಎರಡು ಪದ ಹಾಡಿ ಹೆಡ್‌ಫೋನ್ ಕಿತ್ತಳು. "ನನ್ ದನಿ ಹಿಂದೆ ಹಿಂದೆ ಬರ್ತೈತೆ ಅಣ್ಣಾ."

ತಡ ತಗ್ಗಿಸಲು ಬಫರ್ (ಕಂಪ್ಯೂಟರು ಒಂದು ಸಲಕ್ಕೆ ಹಿಡಿಯುವ ದನಿಯ ತುಂಡು) 256 ಸ್ಯಾಂಪಲ್ಲಿನಿಂದ 128ಕ್ಕೆ ಇಳಿಸಿದೆ. ಹಾಗೇ ಇತ್ತು. 64ಕ್ಕೆ ಇಳಿಸಿದೆ, ಪಟಪಟ ಕ್ರ್ಯಾಕಲ್ ಬಂತೇ ಹೊರತು ದನಿ ಮುಂದೆ ಬರಲಿಲ್ಲ. ಡ್ರೈವರ್ ಬದಲಾಯಿಸಿದೆ, ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಕೆಳಗಿನಿಂದ ಗೌಡರ ದನಿ: "ಆಯ್ತಾ?" ಬೆನ್ನು ಪೂರಾ ಒದ್ದೆ. ಎಫ್‌ಎಕ್ಸ್ (ಎಫೆಕ್ಟುಗಳ) ವಿಂಡೋದ ಕೆಳಗಡೆ ಸಣ್ಣ ಅಕ್ಷರದಲ್ಲಿ ಎಷ್ಟು ಸ್ಯಾಂಪಲ್ ತಡ ಅಂತ ರೀಪರ್ ತಾನೇ ಬರೆದಿರುತ್ತದೆ, ಅಲ್ಲಿಗೆ ಕಣ್ಣು ಹೋಗಿದ್ದು ಆಮೇಲೆ. 4096 ಅಂತಿತ್ತು. 48 ಕಿಲೋಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ಲಿನ ಲೆಕ್ಕದಲ್ಲಿ, ಅದು ಸುಮಾರು 85 ಮಿಲಿಸೆಕೆಂಡು. ಹಾಡುವವರಿಗೆ ಹತ್ತು ಹನ್ನೆರಡಾದರೇ ಕಿರಿಕಿರಿ. ಆ ರೀಫರ್ ಅನ್ನು ಅವಳ ಟ್ರ್ಯಾಕಿನ ಮೇಲೇ ಕೂರಿಸಿ ಅದರ ಮೂಲಕವೇ ಅವಳ ಹೆಡ್‌ಫೋನಿಗೆ ದನಿ ಕೊಡುತ್ತಿದ್ದೆ. ಪ್ಲೇಬ್ಯಾಕಿನಲ್ಲಿ ರೀಪರ್ ಆ ತಡವನ್ನು ತಾನೇ ಸರಿದೂಗಿಸುತ್ತದೆ, ಲೈವ್ ಹಾಡುವಾಗ ಅದರ ಕೈಯಲ್ಲೂ ಆಗದು. ರೀಫರ್ ಅನ್ನು ಬೈಪಾಸ್ ಮಾಡಿ ಬಫರ್ ಮತ್ತೆ 128ಕ್ಕೆ ಇಟ್ಟೆ. ಆ ಎರಡು ಸಾಲು ಮುಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ಷಡ್ಜ ಸೀದಾ ಹೋಗಿ ಕೂತಿತು. ಸ್ಟುಡಿಯೋದಲ್ಲೇ ಒಂದು ಸಲ ಟ್ಯೂನಿಂಗ್ ತೆಗೆದು ಕೇಳಿಸಿದ್ದರೆ ಅವಳು ಅಲ್ಲೇ ಸರಿಮಾಡಿಕೊಳ್ಳುತ್ತಿದ್ದಳು.

ಇನ್ನು ಮಿಕ್ಸಿಂಗು. ಕೆಳಭಾಗದ ಗುಮ್ಮು ತೆಗೆಯಲು ರೀಈಕ್ಯೂ, ಏರಿಳಿತ ಹಿಡಿಯಲು ರೀಕಾಂಪ್. ಎರಡೂ ನೋಡಲು ಸರ್ಕಾರಿ ಫಾರಮ್ಮಿನ ಹಾಗಿವೆ, ಕೆಲಸದಲ್ಲಿ ಕೊರತೆ ಇಲ್ಲ. ರೀಪರ್ ಇಲ್ಲದವರಿಗೂ ಇವು ರೀಪ್ಲಗ್ಸ್ ಅನ್ನುವ ಹೆಸರಿನಲ್ಲಿ ವಿಂಡೋಸಿಗೆ ಪುಕ್ಕಟೆ ಸಿಗುತ್ತವೆ. ಶಕಾರದ ಸಿಳ್ಳೆಗೆ ಟೋಕಿಯೋ ಡಾನ್ ಲ್ಯಾಬ್ಸ್‌ನವರ ನೋವಾ. ನಾನು ಇಟ್ಟುಕೊಂಡಿರುವ ಪುಕ್ಕಟೆ ಪ್ಲಗಿನ್‌ಗಳಲ್ಲಿ ಒಂದನ್ನೇ ಉಳಿಸಿಕೋ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ನಾಲ್ಕು ಬ್ಯಾಂಡಿನ ಡೈನಾಮಿಕ್ ಈಕ್ಯೂ ಅದು, ದನಿಯ ಆಯ್ದ ಭಾಗ ಜೋರಾದಾಗ ಮಾತ್ರ ಅದನ್ನು ತಗ್ಗಿಸುವಂಥದ್ದು. 6-7 ಕಿಲೋಹರ್ಟ್ಸ್ ಸುತ್ತ ಒಂದು ಬ್ಯಾಂಡ್ ಇಟ್ಟು ಥ್ರೆಶೋಲ್ಡ್ (ಅದು ಕೆಲಸ ಶುರುಮಾಡುವ ಮಟ್ಟ) ಇಳಿಸಿದರೆ "ಶರಣು" ಬಂದಾಗ ಮಾತ್ರ ತಗ್ಗುತ್ತದೆ, ಮಿಕ್ಕ ಹೊತ್ತು ದನಿಯ ಹೊಳಪು ಹಾಗೇ ಇರುತ್ತದೆ.

ಎಕೋ ವಿಷಯಕ್ಕೆ ಗೌಡರು ಮತ್ತೆ ಮೇಲೆ ಬಂದರು. ವಲ್‌ಹಲ್ಲಾದವರ ಸೂಪರ್‌ಮ್ಯಾಸಿವ್ ಪುಕ್ಕಟೆ, 2020ರಲ್ಲಿ ಬಂದದ್ದು. ಹಾಕಿ ತೋರಿಸಿದೆ. "ಆಹಾ, ಇದು ಬೇಕು, ದೇವಸ್ಥಾನ್ದೊಳಗೆ ನಿಂತಂಗೈತೆ" ಅಂದರು. ನಿಂತಂಗೇನೋ ಇತ್ತು, ಸಾಹಿತ್ಯ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದು ಬಾಲ ಉದ್ದದ ಪ್ಲಗಿನ್ನು, ಮೊದಲ ಆಲಾಪಕ್ಕೆ ಬಿಟ್ಟರೆ ಸರಿ. ಪದ ಕೇಳಬೇಕಾದ ಕಡೆ ಡ್ರ್ಯಾಗನ್‌ಫ್ಲೈ ಪ್ಲೇಟ್ ಅನ್ನುವ ರಿವರ್ಬ್ ಹಾಕಿದೆ. ಓಪನ್ ಸೋರ್ಸು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ಸೀರಿಯಲ್ ನಂಬರಿನ ಗೊಡವೆಯೇ ಇಲ್ಲ. ಕೊನೆಯ ಚರಣದಲ್ಲಿ ಬರುವ ತಮ್ಮ ಊರಿನ ಹೆಸರು ನೆಟ್ಟಗೆ ಕೇಳಿಸಿದ ಮೇಲೆ ಗೌಡರು ಎಕೋ ಸುದ್ದಿ ಬಿಟ್ಟರು.

ಕೊನೆಯ ಹಂತದ ಮಾಸ್ಟರಿಂಗಿಗೆ ಲೌಡ್‌ಮ್ಯಾಕ್ಸ್ ಲಿಮಿಟರ್, ಜೋರಿನ ಅಳತೆಗೆ ಯೂಲೀನ್ ಮೀಟರಿನ ಪುಕ್ಕಟೆ ಆವೃತ್ತಿ. ನಮ್ಮ ಓನರ್ರಿಗೆ ವೇವ್‌ಫಾರಂ ಇಟ್ಟಿಗೆಯ ಹಾಗೆ ಕಾಣಲೇಬೇಕು, ಮೈನಸ್ 8 ಲಫ್ಸ್‌ಗೆ (ಹಾಡಿನ ಜೋರಿನ ಅಳತೆ, ಸೊನ್ನೆಯ ಹತ್ತಿರ ಬಂದಷ್ಟೂ ಜೋರು) ತಳ್ಳಿಸುತ್ತಾರೆ. ಯೂಟ್ಯೂಬು ಮೈನಸ್ 14ಕ್ಕಿಂತ ಜೋರಾದದ್ದನ್ನೆಲ್ಲ ತಾನೇ ತಗ್ಗಿಸುತ್ತದೆ. ನಾವು ಕಷ್ಟಪಟ್ಟು ಹಿಂಡಿದ 6 ಡಿಬಿಯನ್ನು ಅದು ವಾಪಸ್ ಕಿತ್ತುಕೊಂಡು, ತಮಟೆಯ ಏಟು ಸತ್ತದ್ದನ್ನು ಮಾತ್ರ ನಮಗೆ ಬಿಡುತ್ತದೆ. ಆ ರಾತ್ರಿ ಓನರ್ರು ಪಕ್ಕದಲ್ಲಿ ಇರಲಿಲ್ಲ. ಮೈನಸ್ 12ಕ್ಕೆ ನಿಲ್ಲಿಸಿದೆ. ಹನ್ನೊಂದೂವರೆಗೆ ಅಪ್‌ಲೋಡ್ ಆಯಿತು.

ಅದಾದ ಮೇಲೆ ಪ್ಲಗಿನ್ ಆರಿಸುವಾಗ ನಾನು ಸೌಂಡನ್ನು ಎರಡನೆಯದಾಗಿ ನೋಡುತ್ತೇನೆ. ಮೊದಲು ನೋಡುವುದು ನೆಟ್ ಇಲ್ಲದ ಹೊತ್ತು, ಬೇರೆ ಕಂಪ್ಯೂಟರಿನಲ್ಲಿ, ಪಾರ್ಟಿ ಪಕ್ಕದಲ್ಲಿ ಕೂತಿರುವಾಗ ಇದು ತೆರೆಯುತ್ತದೋ ಇಲ್ಲವೋ ಅಂತ. ಹತ್ತಾರು ಪುಕ್ಕಟೆ ರಿವರ್ಬ್ ಇಳಿಸಿಕೊಂಡು ಒಂದರಲ್ಲೂ ಕೈ ಕೂರದ ಹುಡುಗರನ್ನು ನೋಡಿದ್ದೇನೆ. ಒಂದು ಈಕ್ಯೂ, ಒಂದು ಕಂಪ್ರೆಸರ್, ಎರಡು ರಿವರ್ಬ್, ಒಂದು ಲಿಮಿಟರ್, ಒಂದು ಮೀಟರ್ ಇದ್ದರೆ ಹಾಸನದ ಮಾರ್ಕೆಟ್ಟಿನ ಯಾವ ಹಾಡನ್ನೂ ಮುಗಿಸಬಹುದು. 32 ಬಿಟ್ಟಿನಲ್ಲೇ ನಿಂತುಹೋದ ಹಳೆಯ ಪ್ಲಗಿನ್ ಎಷ್ಟೇ ಹೊಗಳಿಸಿಕೊಂಡಿದ್ದರೂ ಹೊಸ ಪ್ರಾಜೆಕ್ಟಿಗೆ ಹಾಕುವುದಿಲ್ಲ. ಟ್ರಯಲ್ ಪ್ಲಗಿನ್ ಮಿಕ್ಸಿನಲ್ಲಿ ಬಿಡುವುದಿಲ್ಲ, ಕೆಲವು ಆಗಾಗ ದನಿ ನುಂಗಿಬಿಡುತ್ತವೆ, ಅದು ಬೌನ್ಸಿನಲ್ಲೂ ಬರುತ್ತದೆ.

ಸಂಬಳದಲ್ಲಿ ಉಳಿಸಿ ದುಡ್ಡು ಕೊಟ್ಟದ್ದು ಎರಡಕ್ಕೆ. ಒಂದು ರೀಪರ್ ಲೈಸೆನ್ಸು, 60 ಡಾಲರು. 60 ದಿನ ಪೂರ್ತಿಯಾಗಿ ಬಳಸಿ ನೋಡಲು ಬಿಡುತ್ತಾರೆ, ನಮ್ಮಂಥ ಸಣ್ಣ ಆದಾಯದವರಿಗೆ ಆ ಕಡಿಮೆ ದರ. ಇನ್ನೊಂದು ವಲ್‌ಹಲ್ಲಾದ ವಿಂಟೇಜ್‌ವರ್ಬ್, 50 ಡಾಲರು. ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಮಾಡಿಸಬೇಕು, ಬ್ಯಾಂಕಿನವರು ಮೇಲೆ ಒಂದಿಷ್ಟು ಹಿಡಿಯುತ್ತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಬ್ಬ ಮುಗಿದ ಮೇಲೆ ಓನರ್ರು ಹಾಡು ಕೇಳಿ, ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ ವಾಯ್ಸ್ ಕ್ಲಿಯರಾಗಿದೆ, ಯಾವ ಪ್ಲಗಿನ್ ಚೈನ್ ಹಾಕಿದ್ರಿ ಅಂದರು. ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಫ್ರೀ ಪ್ಲಗಿನ್ನಲ್ಲಿ ಮಾಡಿದ್ದು ಅಂತ ಪಾರ್ಟಿಗೆ ಮಾತ್ರ ಹೇಳ್ಬೇಡಿ, ಮುಂದಿನ ಸಲ ರೇಟ್ ಕಮ್ಮಿ ಮಾಡಿ ಅಂತಾರೆ" ಅಂದರು.