ಟೋಕಿಯೊದಲ್ಲಿ ಚೆರ್ರಿ ಮರದಡಿ ಬುತ್ತಿಯೂಟ: ಹೊರಡುವವರು ಗಮನಿಸಬೇಕಾದದ್ದು

ಚೆರ್ರಿ ಹೂವಿನ ಕೆಳಗೆ ಕುಳಿತು ಬುತ್ತಿ ಉಣ್ಣುವ ಹನಾಮಿಗೆಂದು ಟೋಕಿಯೊಗೆ ಹೋಗುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ದಿನ ಗೊತ್ತುಮಾಡುವುದು. ನಗರದ ಬಹುಪಾಲು ಮರಗಳು ಸೊಮೆಯ್ ಯೊಶಿನೊ ತಳಿಯವು. ಕಸಿ ಕಟ್ಟಿಯೇ ಬೆಳೆಸಿದ ಅವುಗಳ ವಂಶವಾಹಿ ಒಂದೇ ಆಗಿರುವುದರಿಂದ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಅರಳಿ ಒಟ್ಟಿಗೇ ಉದುರುತ್ತವೆ. ಯಾಸುಕುನಿ ದೇಗುಲದ ಆವರಣದ ಮಾದರಿ ಮರದಲ್ಲಿ ಐದಾರು ಹೂ ಬಿಟ್ಟೊಡನೆ ಹವಾಮಾನ ಇಲಾಖೆ ಹೂ ಅರಳಿತೆಂದು ಪ್ರಕಟಿಸುತ್ತದೆ, ಅಲ್ಲಿಂದ ಸುಮಾರು ಒಂದು ವಾರಕ್ಕೆ ಮರ ತುಂಬುತ್ತದೆ. ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಈ ಸಂಭ್ರಮ. ಗಾಳಿಮಳೆ ಬಂದರೆ ಅದೂ ಇಲ್ಲ; ಆದ್ದರಿಂದ ಹನಾಮಿಗೆ ಒಂದೇ ದಿನವನ್ನು ಮೀಸಲಿಡದೆ, ಟೋಕಿಯೊದ ನಂತರ ಹೋಗುವ ಕ್ಯೋಟೊ, ನಾರಾದಂಥ ಊರುಗಳ ಹೋಟೆಲುಗಳನ್ನು ರದ್ದುಪಡಿಸಲು ಅವಕಾಶವಿರುವಂತೆ ಕಾದಿರಿಸುವುದು ಒಳ್ಳೆಯದು.

ಉದ್ಯಾನವನ್ನು ಆರಿಸುವಾಗ ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಬೇಕು. 1873ರಲ್ಲಿ ಸಾರ್ವಜನಿಕ ಉದ್ಯಾನವಾದ ಉಎನೊದಲ್ಲಿ ಜಾತ್ರೆಯ ಗದ್ದಲ, ಸಂಜೆಗೆ ಕಾಗದದ ದೀಪಗಳು, ಧಾರಾಳವಾಗಿ ಮದ್ಯ. ಹಿರಿಯರು, ಮಕ್ಕಳು ಜೊತೆಗಿದ್ದರೆ ಶಿಂಜುಕು ಗ್ಯೊಯೆನ್ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ವಯಸ್ಕರಿಗೆ 500 ಯೆನ್ ಪ್ರವೇಶ ಶುಲ್ಕವಿದೆ, ಮದ್ಯಕ್ಕೆ ನಿಷೇಧವಿದೆ, ಹುಲ್ಲುಹಾಸು ವಿಶಾಲವಾಗಿದೆ. ಹಲವು ತಳಿಗಳಿರುವುದರಿಂದ ಏಪ್ರಿಲ್ ಮಧ್ಯದ ನಂತರ ಹೋದವರಿಗೂ ಕಾನ್‌ಜಾನ್‌ನಂಥ ದಟ್ಟ ಎಸಳಿನ ಹೂಗಳು ಸಿಗುತ್ತವೆ. ದಟ್ಟಣೆಯ ದಿನಗಳಲ್ಲಿ ಮುಂಗಡ ನೋಂದಣಿ ಬೇಕಾಗಬಹುದು, ವಿಚಾರಿಸಿಕೊಂಡೇ ಹೊರಡಿ.

ಸಸ್ಯಾಹಾರಿಗಳು ಊಟದ ವಿಷಯದಲ್ಲಿ ಎಚ್ಚರದಿಂದಿರಬೇಕು. ಬೆಂಟೊ ಡಬ್ಬಿಯಲ್ಲಿ ತರಕಾರಿಯಷ್ಟೇ ಕಂಡರೂ ಅದನ್ನು ಬೇಯಿಸಿದ ನೀರಿನಲ್ಲಿ ಒಣಮೀನಿನ ಸಾರ ಇರುವುದೇ ಹೆಚ್ಚು. ಅಂಗಡಿಗಳಲ್ಲಿ ಸಿಗುವ ಅನ್ನದ ಉಂಡೆ ಒನಿಗಿರಿಯಲ್ಲಿ ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣಿನದನ್ನು ಕೇಳಿ, ಆದರೂ ಚೀಟಿಯನ್ನು ಫೋನಿನ ಅನುವಾದಕದಲ್ಲಿ ಓದಿಸಿಕೊಳ್ಳಿ. ಹೊದಿಕೆಯ ಮೇಲಿನ 1, 2, 3 ಅಂಕಿಗಳ ಕ್ರಮದಲ್ಲೇ ಎಳೆದರೆ ಪ್ಲಾಸ್ಟಿಕ್ಕಿನ ಒಳಪದರ ಕಳಚಿ, ಅಲ್ಲಿಯವರೆಗೆ ಗರಿಗರಿಯಾಗಿ ಉಳಿದಿದ್ದ ಕಡಲಪಾಚಿಯ ಹಾಳೆ ಆಗಷ್ಟೇ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಅವಸರದಲ್ಲಿ ಹರಿದರೆ ಅರ್ಧ ಹಾಳೆ ಪ್ಲಾಸ್ಟಿಕ್ಕಿನಲ್ಲೇ ಉಳಿಯುತ್ತದೆ. ಸಿಹಿಗೆ ಸಕುರಾ ಮೋಚಿ ಇದೆ: ಒಳಗೆ ಕೆಂಪು ಅಜುಕಿ ಕಾಳಿನ ಹೂರಣ, ಹೊರಗೆ ಉಪ್ಪು ಹಾಕಿಟ್ಟ ಚೆರ್ರಿ ಎಲೆ. ಹೋಳಿಗೆಯ ಹೂರಣ ಬಲ್ಲ ನಮ್ಮ ನಾಲಿಗೆಗೆ ಇದು ಬೇಗ ಒಗ್ಗುತ್ತದೆ.

ಹಾಸಲು ಪ್ಲಾಸ್ಟಿಕ್ ಚಾಪೆಯನ್ನು ನೂರು ಯೆನ್ ಅಂಗಡಿಯಲ್ಲಿ ಕೊಳ್ಳಬಹುದು. ಚಪ್ಪಲಿ, ಬೂಟುಗಳನ್ನು ಅಂಚಿನಲ್ಲಿ ಬಿಟ್ಟೇ ಅದರ ಮೇಲೆ ಕೂರಬೇಕು. ಮರದ ಬುಡಕ್ಕೆ ಒತ್ತಿ ಹಾಸಬಾರದು, ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಕೊಂಬೆ ಬಗ್ಗಿಸಿ ಫೋಟೊ ತೆಗೆಸಿಕೊಳ್ಳುವುದಂತೂ ಕೂಡದು. ಕಸದ ಬುಟ್ಟಿಗಳು ಅಪರೂಪವಾದ್ದರಿಂದ ಎರಡು ಚೀಲ ಇಟ್ಟುಕೊಂಡು, ಬಾಟಲಿಗಳನ್ನು ಬೇರೆಯಾಗಿಸಿ ಹೋಟೆಲಿಗೆ ಒಯ್ಯಬೇಕು. ಬಿಸಿಲು ಇಳಿದೊಡನೆ ನೆಲದಿಂದ ಚಳಿ ಏರುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳನ್ನು ನೆನೆದು ಬಟ್ಟೆ ಕಟ್ಟಿದರೆ ಸಾಲದು, ಹಿರಿಯರಿಗೆ ಸ್ವೆಟರ್ ಜೊತೆಗೆ ಕೂರಲು ದಪ್ಪನೆಯ ಮೆತ್ತೆಯೂ ಇರಲಿ.